ನಿಲ್ಲಬಾರದ ನಿಮಿಷ

ಮೌನಾಚರಣೆಯ ಶಿಳ್ಳೆ ಕೇಳಿಸಿದ್ದೂ, ಕೆಝಿಯಾ ರಸ್ತೆಯ ತಿರುವಿನಲ್ಲಿ ಕಾಣಿಸಿಕೊಂಡದ್ದೂ ಒಂದೇ ಕ್ಷಣದಲ್ಲಿ. ಅವಳ ಪಾದಗಳು ನೆಲದಿಂದ ಐದಡಿ ಮೇಲಿದ್ದವು. ಮರಗಾಲುಗಳನ್ನು ಮುಚ್ಚಿ ಇಳಿಬಿದ್ದಿದ್ದ ಹಳದಿ ಪಟ್ಟೆಯ ಆ ಷರಾಯಿಯನ್ನು, ದ್ವೀಪದಿಂದ ವಲಸೆ ಬಂದವರು ನೆಲೆಸಿದ್ದ ಹ್ಯಾಂಡ್ಸ್‌ವರ್ತಿನ ಬೀದಿಯಲ್ಲಿ ಗುರುತಿಸದವರೇ ಇರಲಿಲ್ಲ. ಅದನ್ನು ತೊಟ್ಟು, ಊರು ಕಾಯುವ ಎತ್ತರದ ಭೂತ ಮೋಕೊ ಜಂಬಿಯಾಗಿ, ಪೂಯಿ ಕಲಾಸಂಘದ ಮೆರವಣಿಗೆಯ ಮುಂದೆ ವರ್ಷವರ್ಷವೂ ನಡೆದವನು ಅವಳ ತಾತ ಎಗ್ಬರ್ಟ್. ಸಂಘ ಕಟ್ಟಿದವನೂ ಅವನೇ. ಈಗಿನ ಮೌನವೂ ಅವನಿಗಾಗಿಯೇ.

ಉಕ್ಕಿನ ಪೀಪಾಯಿಗಳ ವಾದ್ಯ ತಟ್ಟನೆ ನಿಂತಿತು. ಗರಿಯ ಕಿರೀಟ ತೊಟ್ಟವರು, ಮಕ್ಕಳನ್ನು ಹೆಗಲೇರಿಸಿಕೊಂಡವರು, ಜೋಳ ಸುಡುತ್ತಿದ್ದವನು ಎಲ್ಲರೂ ಇದ್ದಲ್ಲೇ ಕಲ್ಲಾದರು. ಸಂಘದ ಮೆಟ್ಟಿಲ ಮೇಲೆ ನಿಂತಿದ್ದ ಎಗ್ಬರ್ಟನ ಹೆಂಡತಿ ವರ್ಲಿನ್ ತಲೆಯೆತ್ತಿದಳು. ಗಂಡ ಮಣ್ಣಾದ ಮರುದಿನವೇ ಆ ಮರಗಾಲುಗಳನ್ನು ಉಗ್ರಾಣಕ್ಕೆ ಹಾಕಿ ಬೀಗ ಜಡಿದವಳು ಅವಳು. "ಇನ್ಯಾರಾದ್ರೂ ಅದ್ರ ಮೇಲೆ ಹತ್ತಿದ್ರೆ, ಅವತ್ತೇ ಹಿತ್ತಲಲ್ಲಿ ಸುಟ್ಟು ಬೂದಿ ಮಾಡ್ತೀನಿ" ಎಂದು ಸಂಘದವರೆಲ್ಲರ ಎದುರಿಗೆ ಹೇಳಿದ್ದಳು. ಹೇಳಿದ್ದನ್ನು ಮಾಡದೆ ಬಿಡುವ ಹೆಂಗಸಲ್ಲ.

ಅಜ್ಜಿಯ ನೋಟಕ್ಕೆ ನೋಟ ತಾಗುತ್ತಲೇ ಕೆಝಿಯಾ ನಿಂತುಬಿಟ್ಟಳು.

ಪಕ್ಕದಲ್ಲೇ ಕಾವಲಾಗಿ ನಡೆದು ಬರುತ್ತಿದ್ದ ಕತ್ಬರ್ಟ್ ಗಕ್ಕನೆ ಅವಳತ್ತ ತಿರುಗಿದ. ಅವನು ವರ್ಲಿನ್‌ಳ ಮಗ, ಹುಡುಗಿಗೆ ಸೋದರಮಾವ. ಕದ್ದು ಬೀಗ ತೆಗೆದುಕೊಟ್ಟವನು, ಅವಳ ಮೊಣಕಾಲಿಗೆ ಪಟ್ಟಿ ಬಿಗಿದವನು ಅವನೇ. ಮರಗಾಲಿನ ತುದಿ ಬಿಸ್ಕತ್ತಿನಷ್ಟು ಅಗಲ. ಅದರ ಮೇಲೆ ನಡೆಯಬಹುದು, ಓಡಬಹುದು, ಕುಣಿಯಲೂಬಹುದು, ನಿಲ್ಲುವುದೊಂದು ಸಾಧ್ಯವಿಲ್ಲ. ನಿಂತವರು ಬೀಳುತ್ತಾರೆ.

"ಹೆಜ್ಜೆ ಹಾಕೇ!" ಎಂದು ಪಿಸುಗುಟ್ಟಿದ.

"ಅಜ್ಜಿ ನೋಡ್ತಿದಾಳೆ, ಮಾವ."

"ನೋಡ್ಲಿ. ಬಿದ್ರೆ ಆಂಬುಲೆನ್ಸಿನವ್ರೂ ಬಂದು ನೋಡ್ತಾರೆ!"

"ಕದ್ದು ಹತ್ತಿದ್ದೇ ಸಾಲ್ದು ಅಂತ ತಾತನ ಮೌನಾನೂ ಕೆಡಿಸ್ಲಾ? ಒಂದು ನಿಮಿಷ ತಾನೆ..."

"ಒಂದು ನಿಮಿಷ ಅಂತೆ! ನಿಂಗೆ ಕಲಿಸಿದ ಆ ಮುದುಕನೇ ಮೂರು ಎಣಿಸೋ ತನಕ ನಿಂತವನಲ್ಲ ಕಣೇ!"

ಮುಂದೆ ನಿಂತಿದ್ದ ಯಾರೋ ತಿರುಗಿ "ಶ್ಶ್" ಎಂದರು. ಕೆಝಿಯಾಳ ಎಡಗಾಲಿನ ಮರ ಅದುರತೊಡಗಿತು. ಆ ನಡುಕ ಮೊಣಕಾಲಿಗೆ ಏರಿತು, ಸೊಂಟಕ್ಕೆ ಏರಿತು. ಅವಳು ಗಾಳಿಯನ್ನೇ ಗೋಡೆ ಮಾಡಿಕೊಳ್ಳುವವಳಂತೆ ಎರಡೂ ಕೈ ಚಾಚಿದಳು. ಕೈಗೆಟುಕುವಲ್ಲಿ ದೀಪದ ಕಂಬವಿರಲಿಲ್ಲ. ಕತ್ಬರ್ಟ್ ಮರವನ್ನು ಹಿಡಿಯಹೋಗಿ ಕೈ ಹಿಂದಕ್ಕೆಳೆದುಕೊಂಡ. ಬುಡ ಹಿಡಿದರೆ ಮೇಲಿದ್ದವಳು ಮುಖ ಅಡಿಯಾಗಿ ಮುಗ್ಗರಿಸುತ್ತಾಳೆಂದು ಅವನಿಗೆ ಗೊತ್ತಿತ್ತು.

ಅಷ್ಟರಲ್ಲಿ ವರ್ಲಿನ್ ಮೆಟ್ಟಿಲಿಳಿದಳು. ಆ ಸ್ತಬ್ಧ ಬೀದಿಯಲ್ಲಿ ಅವಳ ಹಿಮ್ಮಡಿಯ ಸದ್ದೊಂದೇ. ವಾದ್ಯದವರ ನಡುವೆ ಹಾದುಬರುವಾಗ, ತಾಳಗಾರನ ಕೈಯಿಂದ ಕಬ್ಬಿಣದ ಸಲಾಕೆಯನ್ನು ಕಿತ್ತುಕೊಂಡಳು. ಕಿತ್ತುಕೊಂಡವಳು ನೇರವಾಗಿ ಮೊಮ್ಮಗಳತ್ತ ನಡೆದಳು. ಕಣ್ಣು ಮರಗಾಲುಗಳ ಮೇಲೆಯೇ ನೆಟ್ಟಿತ್ತು.

ಕತ್ಬರ್ಟ್ ಅಡ್ಡ ಬಂದ. "ಅಮ್ಮಾ, ಬೇಡ! ಹೊಡೆಯೋದಾದ್ರೆ ನಂಗೆ ಹೊಡಿ. ಮರಕ್ಕೆ ಹೊಡೆದ್ರೆ ಹುಡುಗಿ ಸತ್ತೇಹೋಗ್ತಾಳೆ!"

"ಸರಿಯೋ ಆಚೆ, ಬೀಗಗಳ್ಳ!"

ಸಲಾಕೆ ಮೇಲೆದ್ದಿತು. ಕೆಝಿಯಾ ಕಣ್ಣು ಮುಚ್ಚಿದಳು. ಅವಳ ದೇಹ ಆಗಲೇ ಒಂದು ಪಕ್ಕಕ್ಕೆ ವಾಲಿತ್ತು.

ಠಣ್!

ಪೆಟ್ಟು ಬಿದ್ದದ್ದು ರಸ್ತೆಯಂಚಿನ ಕಬ್ಬಿಣದ ಬೇಲಿಯ ಮೇಲೆ. ಠಣ್, ಠಠಣ್, ಠಣ್. ಎಗ್ಬರ್ಟ್ ಮೊದಲ ಸಲ ಮರಗಾಲೇರಿದ ದಿನದಿಂದ ಅವನ ಹೆಜ್ಜೆಗೆ ತಾಳ ಹಿಡಿದ ಕೈ ಅದು. ಕೀಲುನೋವು ಬಂದಮೇಲೆ ತಾಳ ಬಿಟ್ಟುಬಿಟ್ಟಿತ್ತು. ಕೆಝಿಯಾಳ ತಲೆಗೆ ತಿಳಿಯುವ ಮೊದಲೇ ಅವಳ ಬಲಗಾಲು ಆ ತಾಳಕ್ಕೆ ಮೇಲೆದ್ದಿತು. ಒಂದು ಹೆಜ್ಜೆ. ಇನ್ನೊಂದು.

"ವರ್ಲಿನ್, ಮೌನ..." ಎಂದು ಸಂಘದ ಹಿರಿಯನೊಬ್ಬ ತೊದಲಿದ.

"ಮೌನ ಬೇಕು ಅಂತ ಕೇಳಿದ್ದು ನಾನು. ಮುರಿಯೋಳೂ ನಾನೇ." ಅವಳು ಮೇಲಕ್ಕೆ ನೋಡಿ ಗದರಿದಳು: "ನಡಿಯೇ ಮಂಕೇ! ಮೋಕೊ ಜಂಬಿ ಆಫ್ರಿಕಾದಿಂದ ನಮ್ಮ ದ್ವೀಪಕ್ಕೆ ಸಮುದ್ರದ ಮೇಲೆ ನಡ್ಕೊಂಡು ಬಂತು ಅಂತ ನಿಮ್ಮ ತಾತ ಹೇಳ್ಲಿಲ್ವಾ? ಮಧ್ಯದಲ್ಲಿ ನಿಂತಿದ್ರೆ ಮುಳುಗಿಹೋಗ್ತಿತ್ತು!"

ಪೀಪಾಯಿಗಳು ಒಂದೊಂದಾಗಿ ಆ ತಾಳವನ್ನು ಎತ್ತಿಕೊಂಡವು. ಗರಿಗಳು ಅಲುಗಿದವು. ಹಳದಿ ಪಟ್ಟೆಯ ಷರಾಯಿ ಜನರ ತಲೆಗಳ ಮೇಲಿಂದ ಮುಂದೆ ಸಾಗಿತು. ಕತ್ಬರ್ಟ್ ಅದರ ಹಿಂದೆ ಓಡುವ ಮುನ್ನ ತಡೆದು ಕೇಳಿದ: "ಅಮ್ಮಾ, ಆ ಸುಡೋ ವಿಚಾರ...?"

"ಸಂಜೆ ಇಬ್ರೂ ಮನೆಗೆ ಬನ್ನಿ. ಯಾರನ್ನ ಸುಡ್ಬೇಕು ಅಂತ ಆಮೇಲೆ ಯೋಚಿಸ್ತೀನಿ."

ಕುಣಿಯುವ ಬೀದಿ ಅವಳ ಎರಡೂ ಬದಿಯಿಂದ ಹರಿದುಹೋಯಿತು. ವರ್ಲಿನ್ ಸಲಾಕೆಯನ್ನು ಎದೆಗವಚಿಕೊಂಡು, ತಲೆ ತಗ್ಗಿಸಿ, ನಡುರಸ್ತೆಯಲ್ಲಿ ಕದಲದೆ ನಿಂತಳು. ಅವಳ ನಿಮಿಷ ಇನ್ನೂ ಮುಗಿದಿರಲಿಲ್ಲ.