ಎದುರು ಬರುವವರಿಗೆ

ಎದುರಿಗೆ ನುಗ್ಗಿ ಬರುತ್ತಿದ್ದ ಪಿಕಪ್‌ಗೆ ಬರ್ನಿ ಎರಡು ಸಲ ಹೆಡ್‌ಲೈಟ್ ಮಿನುಗಿಸಿದ. ಅವನು ಈಗಷ್ಟೇ ದಾಟಿ ಬಂದ ಗೋಧಿ ಕಣಜದ ಮರೆಯಲ್ಲಿ ಕಾನ್‌ಸ್ಟೆಬಲ್ ನೀಲ್ ವೇಗ ಅಳೆಯುವ ಗನ್ ಹಿಡಿದು ಕಾದಿದ್ದ. ಹೀಗೆ ಲೈಟ್ ಹೊಡೆದು ಎಚ್ಚರಿಸುವುದು ಡಬ್ಬೋ ಪೇಟೆಯ ದಾರಿಯಲ್ಲಿ ಓಡಾಡುವವರೆಲ್ಲ ಒಬ್ಬರಿಗೊಬ್ಬರು ಮಾಡಿಕೊಳ್ಳುವ ಉಪಕಾರ. ಪಿಕಪ್ ತಟ್ಟನೆ ವೇಗ ತಗ್ಗಿಸಿತು. ಪಕ್ಕದ ಹೊಲದವರ ಹುಡುಗ ಕೋರಿ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿ ಥ್ಯಾಂಕ್ಸ್ ಹೇಳಿ ದಾಟಿಹೋದ.

"ಅವನ ಇನ್ನೊಂದು ಕೈಲಿ ಬಿಯರ್ ಡಬ್ಬ ಇತ್ತು, ನೋಡಿದ್ಯಾ?" ಎಂದಳು ಹೆಂಡತಿ ಗ್ಲೆನಿಸ್.

"ವಯಸ್ಸಿನ ಹುಡುಗ, ಬಿಡೇ. ನೀನ್ಯಾವಾಗ ಪೊಲೀಸ್ ಕೆಲಸಕ್ಕೆ ಸೇರಿದೆ?" ಎಂದು ಬರ್ನಿ ನಕ್ಕ.

ಪೇಟೆಯಲ್ಲಿ ಸಾಮಾನು ಕೊಂಡು ವಾಪಸ್ಸು ಬರುವಾಗ, ಕಣಜದ ಆಚೆಗಿನ ತಿರುವಿನಲ್ಲಿ ಅದೇ ಪಿಕಪ್ ನೀಲಗಿರಿ ಮರಕ್ಕೆ ಅಪ್ಪಳಿಸಿ ನಜ್ಜುಗುಜ್ಜಾಗಿತ್ತು. ಹುಲ್ಲಿನ ಮೇಲೆ ಮಲಗಿಸಿದ್ದ ಹುಡುಗನಿಗೆ ಮುಖ ಮುಚ್ಚುವಂತೆ ಕಂಬಳಿ ಹೊದಿಸಿದ್ದರು. ನೀಲ್ ಟೋಪಿ ತೆಗೆದು ಕಾರಿನ ಕಿಟಕಿಗೆ ಬಂದ.

"ನಮ್ಮ ಕೋರಿ ಕಣೋ ಬರ್ನಿ. ನನ್ನೆದುರಿಗೆ ಎಷ್ಟು ನಿಧಾನವಾಗಿ ಹೋದ ಅಂತೀಯ! ಒಂಚೂರು ಜೋರಾಗಿ ಬಂದಿದ್ರೂ ಹಿಡಿದು ನಿಲ್ಲಿಸ್ತಿದ್ದೆ. ಕುಡಿದಿರೋದು ವಾಸನೇಲೇ ಗೊತ್ತಾಗ್ತಿತ್ತು."

ಗ್ಲೆನಿಸ್ ಗಂಡನ ಕಡೆ ತಿರುಗಿ ನೋಡಲಿಲ್ಲ.

"ಒಂದು ಉಪಕಾರ ಮಾಡಪ್ಪ," ಎಂದ ನೀಲ್. "ಹೋಗ್ತಾ ಎದುರಿಗೆ ಬರೋರಿಗೆ ಲೈಟ್ ಹೊಡಿ. ಇಲ್ಲಿ ನಿಧಾನವಾಗಿ ಬರ್ಲಿ."

ತಿರುವು ದಾಟಿದ ಮೇಲೆ ದೂರದಲ್ಲೊಂದು ಲಾರಿ ಕಂಡಿತು. ಬರ್ನಿಯ ಕೈ ದೀಪದ ಸ್ವಿಚ್ಚಿನ ಮೇಲೇ ಇತ್ತು, ಒತ್ತಲು ಆಗಲಿಲ್ಲ. ಕೊನೆಗೆ ಗ್ಲೆನಿಸ್ ತಾನೇ ಕೈ ಚಾಚಿ ಎರಡು ಸಲ ಒತ್ತಿದಳು.

ಲಾರಿಯವನು ವೇಗ ತಗ್ಗಿಸಿ, ಬರ್ನಿಯತ್ತ ಒಂದು ಬೆರಳೆತ್ತಿದ.