ಗೇಟಿಗೆ ಬಳಿದ ಹಸಿರು

ಆಯಿಲ್ ಪೇಂಟಿನ ವಾಸನೆ ಬಂದರೆ ನಾನು ಈಗಲೂ ಆ ಜಾಗ ಬಿಟ್ಟು ಎದ್ದು ಹೋಗುತ್ತೇನೆ.

ಸೊರಬದ ಕಡೆ, ಹೊಳೆಗೆ ಅಡ್ಡ ಕಟ್ಟಿದ ಸಣ್ಣ ಕರೆಂಟಿನ ಡ್ಯಾಮಿನಲ್ಲಿ ಅಪ್ಪ ಗೇಟು ನೋಡಿಕೊಳ್ಳುತ್ತಿದ್ದ. ಗೇಟು ಎತ್ತುವ ಉದ್ದನೆಯ ಸ್ಕ್ರೂಗೆ ವಾರಕ್ಕೊಮ್ಮೆ ತಪ್ಪದೆ ಗ್ರೀಸ್ ಹಚ್ಚುತ್ತಿದ್ದ. ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಡ್ಯಾಮಿನ ಕಂಪನಿಯ ಸಾಹೇಬರು ಬಂದು, ನಾಳೆ ಸುರಕ್ಷತೆಯ ತಪಾಸಣೆ ಇದೆಯೆಂದು ಹಸಿರು ಬಣ್ಣದ ಡಬ್ಬಿ ಇಟ್ಟರು.

"ಸ್ಕ್ರೂಗೆ ಬಣ್ಣ ಬಳದ್ರೆ ಕಚ್ಕೊಂಡು ಗೇಟು ಮೇಲೇಳಲ್ಲ ಕಣ್ರೀ ಸಾಹೇಬ್ರೆ," ಎಂದ ಅಪ್ಪ.

"ಫೋಟೋದಾಗೆ ತುಕ್ಕು ಕಾಣಬಾರ್ದು. ಬಳಿಯಯ್ಯಾ ಸುಮ್ನೆ."

ಅಪ್ಪ ಸೀಮೆಎಣ್ಣೆ ಹಾಕಿ ಗ್ರೀಸನ್ನೆಲ್ಲ ಒರೆಸಿದ. ಆಮೇಲೆ ಬ್ರಷ್ ಹಿಡಿದು ನಿಂತೇ ಇದ್ದ. ನಾನು ಕಾಡಿ ಬೇಡಿ ಬ್ರಷ್ ಇಸಿದುಕೊಂಡು, ಸ್ಕ್ರೂವಿನ ಒಂದು ಸುತ್ತೂ ಬಿಡದಂತೆ ಬಳಿದೆ.

"ಅಪ್ಪನಿಗಿಂತ ಮಗಳೇ ವಾಸಿ," ಎಂದು ಸಾಹೇಬರು ಪೆಪ್ಪರಮಿಂಟು ಕೊಟ್ಟರು.

ತಪಾಸಣೆ ಮುಗಿದ ಮೂರನೇ ದಿನವೇ ಹೊಳೆ ಏರಿತು. ಅಪ್ಪ ಇನ್ನೂ ಅರ್ಧ ಸ್ಕ್ರೂವಿನ ಬಣ್ಣ ಕೆರೆದಿದ್ದನಷ್ಟೆ, ಗೇಟು ಕದಲಲಿಲ್ಲ. ದಂಡೆ ಒಡೆದ ನೀರು, ಕೆಳಗೆ ಕುರಿ ಮೇಯಿಸುತ್ತಿದ್ದ ನಿಂಗಜ್ಜನನ್ನು ಕುರಿಗಳ ಸಮೇತ ಕೊಚ್ಚಿಕೊಂಡು ಹೋಯಿತು.

ಡ್ಯಾಮಿನ ಹತ್ತಿರವೇ ವಿಚಾರಣೆ ನಡೆದಾಗ ನಾನು ಅಪ್ಪನ ಪಕ್ಕ ನಿಂತಿದ್ದೆ; ಸಾಹೇಬರು ತಪಾಸಣೆಯ ಫೋಟೋ ಮುಂದಿಟ್ಟರು. ಗೇಟು ಹೊಸದರಂತೆ ಹೊಳೆಯುತ್ತಿತ್ತು.

"ಸ್ಕ್ರೂಗೆ ಬಣ್ಣ ಬಳದೋರು ಯಾರು?" ಎಂದು ವಿಚಾರಣೆಗೆ ಬಂದವರು ಕೇಳಿದರು.

ಸಾಹೇಬರು ನನ್ನ ಕಡೆ ನೋಡಿದರು.

"ನಾನೇ," ಎಂದ ಅಪ್ಪ.