ಒಪ್ಪಿದ ಗಂಡು

ಚಂದ್ರಕಲಾ ತಟ್ಟೆಗಳಿಗೆ ಕೇಸರಿಬಾತು ಹಾಕಿದಳು. ಬಣ್ಣ ಕಪ್ಪು, ಓದು ಬರೀ ಏಳನೇ ಕ್ಲಾಸು ಎಂದು ಒಂಬತ್ತು ಗಂಡಿನ ಕಡೆಯವರು ಅವಳನ್ನು ಒಲ್ಲೆ ಎಂದಿದ್ದರು. ಹೋದ ವರ್ಷ ಅವಳ ಅಣ್ಣ ಹಾಡಹಗಲೇ ಹಳೇ ರೌಡಿಯ ಕೈ ಕಡಿದು ಇಡೀ ಮಾರ್ಕೆಟ್ಟಿಗೆ ದೊಡ್ಡವನಾದ. ಇವತ್ತು ಹತ್ತನೆಯವರನ್ನು ಅವನೇ ತನ್ನ ಜೀಪಿನಲ್ಲಿ ಕೂರಿಸಿಕೊಂಡು ಬಂದಿದ್ದ.

"ಹುಡುಗಿ ಹೆಂಗವ್ಳೆ?"

"ಲಕ್ಷಣವಾಗವ್ಳೆ ಅಣ್ಣಾ," ಎಂದರು ಗಂಡಿನ ತಂದೆ. ಅವರಿಗೆ ಅರವತ್ತು ದಾಟಿತ್ತು, ಅಣ್ಣನಿಗೆ ಇಪ್ಪತ್ತೆಂಟು.

"ಓದಿಲ್ಲ ಅಂತ ಆಮೇಲೆ ಕ್ಯಾತೆ ತೆಗೀಬಾರ್ದು."

"ಓದು ಕಟ್ಕೊಂಡು ಏನಾಗ್ಬೇಕು, ಬಿಡಿ ಅಣ್ಣಾ."

"ನಿಮ್ಮ ಹುಡುಗಂಗೆ ಅದ್ಯಾವುದೋ ಹುಡುಗಿ ಗೊತ್ತಾಗಿತ್ತಲ್ಲ?"

"ನನ್ನ ತಮ್ಮನ ಮಗ್ಳು," ಗಂಡಿನ ತಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನೆನ್ನೆನೇ ಬೇಡ ಅಂದ್ಬಿಟ್ವಿ."

ಗಂಡು ತಲೆ ಎತ್ತಲೇ ಇಲ್ಲ. ಕೇಸರಿಬಾತನ್ನು ಚಮಚದಿಂದ ತಟ್ಟೆಯ ಅಂಚಿಗೆ ಸರಿಸುತ್ತಿದ್ದ.

"ಹಂಗಾರೆ ತಾಂಬೂಲ ಬದಲಾಯಿಸ್ಕಳಣ," ಎಂದ ಅಣ್ಣ.

ಚಂದ್ರಕಲಾಳಿಗೆ ರೋಸಿಹೋಯಿತು. ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೂ ಅವಳತ್ತ ತಿರುಗಲಿಲ್ಲ.

"ದಮ್ಮಯ್ಯ," ಎಂದಳು, "ಒಬ್ರಾದ್ರೂ ನನ್ನ ಬೇಡ ಅನ್ನಿ."